ಸ್ಟೇರಿಂಗ್ ಹಿಡಿದವರು ಯಾರು?

(ಅಕ್ಕ ಎರ್ನಾಕುಳಂನ ವಕೀಲೆ, ವಾಹನ ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವವಳು. ತಮ್ಮ ಕನ್ನಡ ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಕಾಸರಗೋಡು ಪುಟ ನೋಡಿಕೊಳ್ಳುವವನು. ಮಾತು ನಡೆದದ್ದು ಕಲೂರಿನ ಅಕ್ಕನ ಮನೆಯಲ್ಲಿ.)

ತಮ್ಮ: ಇದೇನಕ್ಕ, ಫೈಲಿನ ತುಂಬ ಪತ್ರಿಕೆಯ ತುಣುಕುಗಳು? ಲ್ಯಾಮಿನೇಟ್ ಬೇರೆ ಮಾಡಿಸಿದ್ದಾರೆ.

ಅಕ್ಕ: ಕಕ್ಷಿದಾರರು ತಂದುಕೊಡುವಂಥವು. ಆಸ್ಪತ್ರೆ ಬಿಲ್ಲು, ಮರಣಪತ್ರ, ಸಂಬಳದ ಚೀಟಿ, ಅವುಗಳ ಜೊತೆಗೆ ಇದೂ ಇರುತ್ತದೆ. ಪತ್ರಿಕೆಯ ವರದಿ ಟ್ರಿಬ್ಯೂನಲ್‌ನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎಂದು ಹೇಳುತ್ತೇನೆ. ಆದರೂ ವಾಪಸ್ ತೆಗೆದುಕೊಂಡು ಹೋಗಲು ಅವರಿಗೆ ಮನಸ್ಸು ಬರುವುದಿಲ್ಲ. ಸತ್ತವನ ಬಗ್ಗೆ ಊರಿಗೆಲ್ಲ ತಿಳಿಯುವ ಹಾಗೆ ಅಚ್ಚಾದ ಮಾತು ಇದೊಂದೇ ತಾನೆ. ಮೇಲಿನದನ್ನು ಓದು, ನಿನಗೆ ಮಲಯಾಳಂ ಬರುತ್ತದಲ್ಲ.

ತಮ್ಮ: "ನಿಯಂತ್ರಣಂ ವಿಟ್ಟ ಕಾರ್ ಇಡಿಚ್ಚು, ಕಾಲ್‌ನಡಯಾತ್ರಕ್ಕಾರನ್ ಮರಿಚ್ಚು." ನಮ್ಮಲ್ಲೂ ಅದೇ ಸಾಲು. ನಿಯಂತ್ರಣ ತಪ್ಪಿದ ಕಾರು ಡಿಕ್ಕಿ, ಪಾದಚಾರಿ ಸಾವು.

ಅಕ್ಕ: ಕೆಳಗೆ ಓದಿಕೊಂಡು ಹೋಗು. ಸತ್ತವರ ಹೆಸರಿದೆ, ವಯಸ್ಸಿದೆ, ಮನೆಯ ಹೆಸರಿದೆ, ಎಷ್ಟು ಮಕ್ಕಳು ಎಂದಿದೆ. ಕಾರಿನ ಕಂಪನಿಯೂ ಬಣ್ಣವೂ ಇವೆ. ಕಾರು ಓಡಿಸುತ್ತಿದ್ದವನು ಎಲ್ಲಿದ್ದಾನೆ, ಹುಡುಕು.

ತಮ್ಮ: ಇಲ್ಲ.

ಅಕ್ಕ: ಹನ್ನೆರಡು ಸಾಲಿನಲ್ಲಿ ಒಂದು ಕಡೆಯೂ ಇಲ್ಲ. ಆ ಕಾರು ತಾನಾಗಿ ಶೆಡ್ಡಿನಿಂದ ಹೊರಟು ಬಂದ ಹಾಗಿದೆ. ಹೆಸರು ಬೇಡಪ್ಪ, "ಚಾಲಕ" ಎಂಬ ಒಂದು ಮಾತೂ ಇಲ್ಲವಲ್ಲ.

ತಮ್ಮ: ನನ್ನ ಕಷ್ಟವನ್ನೂ ಸ್ವಲ್ಪ ಕೇಳು. ರಾತ್ರಿ ಹನ್ನೊಂದೂಕಾಲಿಗೆ ಕುಂಬಳೆಯಿಂದಲೋ ಮಂಜೇಶ್ವರದಿಂದಲೋ ವರದಿಗಾರನ ವಾಟ್ಸ್ಆ್ಯಪ್ ಬರುತ್ತದೆ. ಹನ್ನೊಂದೂವರೆಗೆ ಪುಟ ಬಿಡಬೇಕು. ಅವನ ಕೈಯಲ್ಲಿರುವುದು ಠಾಣೆಯಿಂದ ಸಿಕ್ಕ ಎರಡು ಸಾಲು, ಆಸ್ಪತ್ರೆಯಿಂದ ಸಿಕ್ಕ ಹೆಸರು. ಚಾಲಕ ಯಾರು, ಎಷ್ಟು ವೇಗದಲ್ಲಿದ್ದ, ಕುಡಿದಿದ್ದನೇ, ನಿದ್ದೆಗಣ್ಣಿನಲ್ಲಿದ್ದನೇ, ಇದೆಲ್ಲ ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಬರೆದು ನಾಳೆ ಮಾನನಷ್ಟದ ನೋಟಿಸು ಬಂದರೆ? ಅದಕ್ಕಿಂತ ದೊಡ್ಡ ಮಾತು, ಅವನ ತಪ್ಪೇ ಇಲ್ಲದಿದ್ದರೆ? ಒಬ್ಬ ಮನುಷ್ಯನನ್ನು ಕೊಲೆಗಾರ ಎಂದು ಬೆಳಗಾಗುವುದರೊಳಗೆ ಊರಿಗೆ ಸಾರಿದ ಹಾಗಾಗುತ್ತದೆ. ಆ ಭಯ ಇರಬೇಕಾದ್ದೇ.

ಅಕ್ಕ: ಇರಲಿ. ನೀನು ತೀರ್ಪು ಕೊಡು ಎಂದು ನಾನು ಹೇಳುತ್ತಿಲ್ಲ. ಆದರೆ "ನಿಯಂತ್ರಣ ತಪ್ಪಿ" ಎಂದು ಬರೆದೆಯಲ್ಲ, ಅದು ನಿನಗೆ ಹೇಗೆ ಗೊತ್ತಾಯಿತು? ವೇಗ ಗೊತ್ತಿಲ್ಲ ಎಂದು ಬಿಟ್ಟೆ, ಸರಿ. ನಿಯಂತ್ರಣ ತಪ್ಪಿದ್ದು ಮಾತ್ರ ಗೊತ್ತಾಯಿತೇ? ಅವನು ಮೊಬೈಲ್ ನೋಡುತ್ತಿದ್ದಿರಬಹುದು. ಕಾರು ಪೂರ್ತಿ ಅವನ ಹಿಡಿತದಲ್ಲೇ ಇದ್ದು, ನಡೆದು ಹೋಗುವವರನ್ನು ಅವನು ನೋಡದೇ ಇದ್ದಿರಬಹುದು. ನೀನು ಅಳುಕಿಲ್ಲದೆ ಬರೆಯುವ ಆ ಮಾತೂ ಒಂದು ತೀರ್ಪೇ. ಚಾಲಕನ ಕಡೆಗೆ ವಾಲಿದ ತೀರ್ಪು. ಅದಕ್ಕೆ ಯಾರೂ ನೋಟಿಸು ಕಳಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ತಮ್ಮ: ಇಂಗ್ಲಿಷಿನಲ್ಲಿ ಈ ಚರ್ಚೆ ಹಳೆಯದು. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲೇ "ಆ್ಯಕ್ಸಿಡೆಂಟ್" ಎಂಬ ಪದವನ್ನು ತನ್ನ ಪುಟಗಳಿಂದ ಹೊರಗಿಟ್ಟಿತು. ಆಕಸ್ಮಿಕ ಎಂದರೆ ತಡೆಯಲಾಗದ್ದು ಎಂಬ ಅರ್ಥ ಬಂದುಬಿಡುತ್ತದೆ ಎಂದು.

ಅಕ್ಕ: ಪದ ಬದಲಾಯಿಸಿದರೆ ಸ್ವಲ್ಪ ಆಗಬಹುದು. ನಮ್ಮ ಕೊರತೆ ಅಲ್ಲಿಲ್ಲ. "ಅಪಘಾತ" ಎಂದೇ ಬರಿ, ಯಾರು ಓಡಿಸುತ್ತಿದ್ದರು ಎಂದು ಕೇಳು. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವಾದರೆ "ಚಾಲಕ ಯಾರೆಂದು ಪೊಲೀಸರು ಇನ್ನೂ ತಿಳಿಸಿಲ್ಲ" ಎಂದು ಬರಿ. ಆ ಒಂದು ಸಾಲಿಗೆ ಎಷ್ಟು ಜಾಗ ಬೇಕು? ಓದುವವನಿಗೆ ಅಲ್ಲಿ ಒಬ್ಬ ಮನುಷ್ಯ ಇದ್ದ ಎಂಬುದಾದರೂ ತಿಳಿಯುತ್ತದೆ.

ತಮ್ಮ: ತಿರುವನಂತಪುರದ ಬಷೀರ್ ಪ್ರಕರಣದಲ್ಲಿ ಎಲ್ಲ ಪತ್ರಿಕೆಗಳೂ ಕೇಳಿದವು.

ಅಕ್ಕ: ನಾನೂ ಅಲ್ಲಿಗೇ ಬರಬೇಕೆಂದಿದ್ದೆ. 2019ರ ಆಗಸ್ಟ್ 3. ಬೆಳಗಿನ ಜಾವ ಒಂದು ಗಂಟೆಯ ಸುಮಾರಿಗೆ, ಮ್ಯೂಸಿಯಂ ಹತ್ತಿರದ ರಸ್ತೆಯಲ್ಲಿ ಕಾರೊಂದು ಬೈಕಿಗೆ ಬಡಿಯಿತು. ಬೈಕಿನವರು ಕೆ.ಎಂ. ಬಷೀರ್, "ಸಿರಾಜ್" ಪತ್ರಿಕೆಯ ತಿರುವನಂತಪುರ ಬ್ಯೂರೋ ಮುಖ್ಯಸ್ಥರು. ಕಾರಿನಲ್ಲಿ ಇಬ್ಬರಿದ್ದರು. ಒಬ್ಬರು ಐಎಎಸ್ ಅಧಿಕಾರಿ ಶ್ರೀರಾಮ್ ವೆಂಕಿಟರಾಮನ್, ದೇವಿಕುಳಂ ಸಬ್ ಕಲೆಕ್ಟರ್ ಆಗಿ ಮುನ್ನಾರ್ ಒತ್ತುವರಿ ತೆರವಿನಿಂದ ಹೆಸರು ಮಾಡಿದ್ದವರು. ಇನ್ನೊಬ್ಬರು ಅವರ ಪರಿಚಯದ ಮಹಿಳೆ, ಕಾರು ಆಕೆಯದು. ಮೊದಮೊದಲು ಪೊಲೀಸರಿಂದ ಬಂದ ಮಾತು ಏನು? ಕಾರು ಓಡಿಸಿದ್ದು ಆ ಮಹಿಳೆ ಎಂದು. ಅಲ್ಲಿದ್ದು ಕಂಡವರು ಹಾಗಲ್ಲ, ಸ್ಟೇರಿಂಗಿನಲ್ಲಿದ್ದದ್ದು ಗಂಡಸು ಎಂದರು.

ತಮ್ಮ: ರಕ್ತದ ಮಾದರಿಯ ಪ್ರಶ್ನೆಯೂ ಬಂತು.

ಅಕ್ಕ: ಅದೇ ದೊಡ್ಡ ಪ್ರಶ್ನೆಯಾಯಿತು. ಕುಡಿದು ಓಡಿಸಿದ ಶಂಕೆ ಇದ್ದರೆ ತಡಮಾಡದೆ ಉಸಿರಿನ ಪರೀಕ್ಷೆ, ರಕ್ತದ ಪರೀಕ್ಷೆ ಆಗಬೇಕು. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಗಂಟೆ ಕಳೆದ ಹಾಗೆ ಮದ್ಯದ ಅಂಶ ದೇಹದಿಂದ ಇಳಿದು ಹೋಗುತ್ತದೆ. ಇಲ್ಲಿ ರಕ್ತ ತೆಗೆದದ್ದು ಬೆಳಗಾಗಿ ಎಷ್ಟೋ ಹೊತ್ತಿನ ಮೇಲೆ, ಅದರಲ್ಲಿ ಮದ್ಯ ಕಾಣಲಿಲ್ಲ. ಆ ತಡವನ್ನು ಬಯಲಿಗೆ ತಂದದ್ದು ವರದಿಗಾರರು. ಠಾಣೆಯ ಬಾಗಿಲಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಯಾರು ಓಡಿಸಿದ್ದು, ರಕ್ತ ಯಾವಾಗ ತೆಗೆದಿರಿ, ಯಾಕೆ ತಡ ಎಂದು ಬಿಡದೆ ಕೇಳಿದರು. ಎರಡೇ ದಿನದಲ್ಲಿ ಅಧಿಕಾರಿ ಅಮಾನತಾದರು.

ತಮ್ಮ: ಆಮೇಲೂ ಬಿಡಲಿಲ್ಲ. 2020ರ ಮಾರ್ಚ್‌ನಲ್ಲಿ ಅವರನ್ನು ಸೇವೆಗೆ ವಾಪಸ್ ತೆಗೆದುಕೊಂಡಾಗ ಬರೆದರು. 2022ರ ಜುಲೈಯಲ್ಲಿ ಆಲಪ್ಪುಳದ ಕಲೆಕ್ಟರ್ ಮಾಡಿದಾಗ ಗಲಾಟೆಯೇ ಆಯಿತು, ಕೆಲವೇ ದಿನಗಳಲ್ಲಿ ಸರ್ಕಾರ ಆ ಹುದ್ದೆಯಿಂದ ಬದಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೆಷನ್ಸ್ ನ್ಯಾಯಾಲಯ ನರಹತ್ಯೆಯ ಆರೋಪ ಕೈಬಿಟ್ಟಿತು.

ಅಕ್ಕ: 2023ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆರೋಪವನ್ನು ಮತ್ತೆ ಹೊರಿಸಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಸೆಕ್ಷನ್ ವ್ಯತ್ಯಾಸ ಸಣ್ಣದಲ್ಲ ನೋಡು. ಹಳೆಯ ದಂಡ ಸಂಹಿತೆಯ 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು, ಹೆಚ್ಚೆಂದರೆ ಎರಡು ವರ್ಷ. 304ರ ಎರಡನೇ ಭಾಗವಾದರೆ ಹತ್ತು ವರ್ಷದ ತನಕ. ಹೀಗೆ ಮಾಡಿದರೆ ಸಾವಾಗಬಹುದು ಎಂದು ಗೊತ್ತಿದ್ದೂ ಮಾಡಿದರೇ ಎಂಬುದು ಅಲ್ಲಿನ ಪ್ರಶ್ನೆ. ಅದನ್ನು ವಿಚಾರಣೆಯಲ್ಲಿ ಸಾಬೀತು ಮಾಡಬೇಕು, ತೀರ್ಪು ಬರುವ ತನಕ ಅವರು ಆರೋಪಿ ಮಾತ್ರ. ಅದನ್ನು ನಾನು ಒಪ್ಪುತ್ತೇನೆ. ನನ್ನ ಸಂಕಟ ಬೇರೆ. ಬಷೀರ್ ವರದಿಗಾರರಾಗಿದ್ದರು. ಬರೆದವರು ಅವರ ಜೊತೆ ಪ್ರೆಸ್ ಕ್ಲಬ್ಬಿನಲ್ಲಿ ಚಹಾ ಕುಡಿದವರು. ಅದೇ ರಾತ್ರಿ ಅದೇ ರಸ್ತೆಯಲ್ಲಿ ಮೀನು ಮಾರುವವನೋ, ಹೋಟೆಲಿನ ಕೆಲಸ ಮುಗಿಸಿ ಹೊರಟ ಅಸ್ಸಾಮಿನ ಹುಡುಗನೋ ಆಗಿದ್ದರೆ?

ತಮ್ಮ: ನಿಯಂತ್ರಣ ತಪ್ಪಿದ ಕಾರು ಡಿಕ್ಕಿ, ಬೈಕ್ ಸವಾರ ಸಾವು.

ಅಕ್ಕ: ಅಷ್ಟೇ ಆಗುತ್ತಿತ್ತು. ಓಡಿಸಿದವರು ಯಾರು ಎಂಬ ಪ್ರಶ್ನೆ ಬೆಳಗಿನ ಹೊತ್ತಿಗೆ ಇತ್ಯರ್ಥವಾಗಿ ಹೋಗುತ್ತಿತ್ತು, ಯಾರಿಗೆ ಹೇಗೆ ಬೇಕೋ ಹಾಗೆ. ಬಷೀರರ ಸಲುವಾಗಿ ಕೇಳಿದ್ದು ಸರಿಯಾದದ್ದೇ. ಅಂದು ಕೇಳಿದ ಪ್ರಶ್ನೆಗಳು ಎಲ್ಲ ಸಾವಿಗೂ ಕೇಳಬೇಕಾದವು ಎಂದು ನಾನು ಹೇಳುವುದು.

ತಮ್ಮ: ಎಲ್ಲ ಸಾವಿಗೂ ಎಂದರೆ? 2022ರಲ್ಲಿ ಕೇರಳದ ರಸ್ತೆಗಳಲ್ಲಿ ಸತ್ತವರು 4,317. ದೇಶದಲ್ಲಿ ಅದೇ ವರ್ಷ 1,68,491.

ಅಕ್ಕ: ಅದರಲ್ಲಿ 32,825 ಜನ ಬರಿಗಾಲಲ್ಲೋ ಚಪ್ಪಲಿ ಕಾಲಲ್ಲೋ ನಡೆದು ಹೋಗುತ್ತಿದ್ದವರು. ಅವರು ಯಾರ ಮೇಲೂ ಗಾಡಿ ಹತ್ತಿಸಿದವರಲ್ಲ. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅತಿವೇಗ ಎಂದರೆ ಯಾರೋ ಒಬ್ಬರ ಕಾಲು ಆಕ್ಸಿಲರೇಟರಿನ ಮೇಲಿತ್ತು ಎಂದು ತಾನೆ? ವರ್ಷದ ಕೊನೆಯ ಅಂಕಿಅಂಶದಲ್ಲಿ ಕಾಣುವ ಆ ಕಾಲು ದಿನದಿನದ ಸುದ್ದಿಯಲ್ಲಿ ಯಾಕೆ ಕಾಣುವುದಿಲ್ಲ?

ತಮ್ಮ: ಒಮ್ಮೊಮ್ಮೆ ಕಾಣುತ್ತದೆ, ತಡವಾಗಿ. ಅವಿನಾಶಿಯ ಅಪಘಾತ ನೆನಪಿದೆಯಾ? 2020ರ ಫೆಬ್ರವರಿ 20. ಬೆಂಗಳೂರಿನಿಂದ ಎರ್ನಾಕುಳಂಗೆ ಬರುತ್ತಿದ್ದ ಕೇರಳ ಸಾರಿಗೆ ಬಸ್ಸು, ಡಿವೈಡರ್ ದಾಟಿ ಬಂದು ಬಡಿದ ಕಂಟೇನರ್ ಲಾರಿ. 19 ಜನ ಹೋದರು. ಮೊದಲ ದಿನ ನಮ್ಮಲ್ಲೂ ಎಲ್ಲರಲ್ಲೂ "ಟೈರ್ ಸ್ಫೋಟ".

ಅಕ್ಕ: ಮರೆಯುವುದುಂಟೇ. ಆ ಬಸ್ಸಿನ ಚಾಲಕ ಮತ್ತು ನಿರ್ವಾಹಕ ಇಬ್ಬರೂ ಹೋದರು. ಹಿಂದೊಮ್ಮೆ ದಾರಿಯಲ್ಲಿ ಹುಷಾರು ತಪ್ಪಿದ ಪ್ರಯಾಣಿಕರಿಗಾಗಿ ಬಸ್ಸು ತಿರುಗಿಸಿ ಹೊಸೂರಿನ ಆಸ್ಪತ್ರೆಗೆ ಸೇರಿಸಿದ್ದವರು ಅವರು. ಟೈರ್ ಸಿಡಿದದ್ದಲ್ಲ, ಲಾರಿ ಚಾಲಕ ತೂಕಡಿಸಿದ್ದು ಎಂದು ಆಮೇಲೆ ಕೇರಳದ ಸಾರಿಗೆ ಸಚಿವರೇ ಹೇಳಬೇಕಾಯಿತು. ಟೈರ್ ಎಂದರೆ ಯಾರದೂ ತಪ್ಪಿಲ್ಲ, ವಿಧಿಯಾಟ. ತೂಕಡಿಕೆ ಎಂದ ಕೂಡಲೇ ಎಷ್ಟು ಪ್ರಶ್ನೆ ಹುಟ್ಟುತ್ತವೆ ನೋಡು. ಆತ ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದ? ಬದಲಿ ಚಾಲಕ ಯಾಕಿರಲಿಲ್ಲ? ಯಾರ ಲಾರಿ, ಎಷ್ಟು ಗಂಟೆಯೊಳಗೆ ತಲುಪಬೇಕು ಎಂದಿದ್ದರು?

ತಮ್ಮ: ಈಗ ನೀನು ಚಾಲಕನನ್ನು ಬಿಟ್ಟು ಮಾಲೀಕನ ಹತ್ತಿರ ಹೋದೆ.

ಅಕ್ಕ: ಚಾಲಕನನ್ನು ಬಿಡಲಿಲ್ಲ. ಅವನಿಂದ ಶುರು ಮಾಡಿದರೆ ಮಾತ್ರ ಅವನ ಹಿಂದಿರುವವರು ಕಾಣುತ್ತಾರೆ. ವಡಕ್ಕಂಚೇರಿಯಲ್ಲಿ ಆದದ್ದು ಅದೇ. 2022ರ ಅಕ್ಟೋಬರ್ 5ರ ರಾತ್ರಿ, ಇಲ್ಲೇ ಮುಳಂತುರುತ್ತಿಯ ಶಾಲೆಯ ಮಕ್ಕಳನ್ನು ಊಟಿಗೆ ಕರೆದೊಯ್ಯುತ್ತಿದ್ದ ಟೂರಿಸ್ಟ್ ಬಸ್ಸು ಮುಂದಿದ್ದ ಸಾರಿಗೆ ಬಸ್ಸಿಗೆ ಹಿಂದಿನಿಂದ ಗುದ್ದಿತು. ಐದು ಮಕ್ಕಳು, ಒಬ್ಬ ಅಧ್ಯಾಪಕ, ಸಾರಿಗೆ ಬಸ್ಸಿನ ಮೂವರು ಹೋದರು. ಮರುದಿನದ ವರದಿಗಳಲ್ಲಿ ಒಂದು ಅಂಕಿ ಬಂತು. ಗಂಟೆಗೆ 97.7 ಕಿಲೋಮೀಟರ್. ಆ ಅಂಕಿ ಬಂದ ಮೇಲೆ "ನಿಯಂತ್ರಣ ತಪ್ಪಿ" ಎಂದು ಬರೆಯಲು ಯಾರಿಗೂ ಸಾಧ್ಯವಾಗಲಿಲ್ಲ. ವೇಗ ನಿಯಂತ್ರಕ ಏನಾಯಿತು ಎಂದು ಕೇಳಿದರು, ತಿದ್ದಿದ್ದಾರೆ ಎಂದು ಗೊತ್ತಾಯಿತು. ಅತಿವೇಗದ ಎಚ್ಚರಿಕೆ ಮಾಲೀಕನ ಫೋನಿಗೆ ಹೋಗುತ್ತಿತ್ತು ಎಂದು ಗೊತ್ತಾಯಿತು. ಚಾಲಕನ ಜೊತೆ ಮಾಲೀಕನೂ ಬಂಧಿತನಾದ. ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಎಲ್ಲ ಹೊರಬಿದ್ದದ್ದು ಬಸ್ಸು ಎಷ್ಟು ವೇಗದಲ್ಲಿತ್ತು ಎಂಬ ಒಂದು ಪ್ರಶ್ನೆಯಿಂದ.

ತಮ್ಮ: ಒಂಬತ್ತು ಜೀವ ಹೋದದ್ದಕ್ಕೆ ಆ ಪ್ರಶ್ನೆ ಬಂತು. ಒಂದು ಜೀವಕ್ಕೆ ಬರುವುದಿಲ್ಲ. ಇನ್ನೊಂದು ನನ್ನನ್ನು ಕಾಡುತ್ತದೆ ಅಕ್ಕ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಟಿಪ್ಪರ್ ಲಾರಿ ಬಡಿದರೆ "ಯಮಸ್ವರೂಪಿಯಾಗಿ ಬಂದ ಟಿಪ್ಪರ್", "ಜವರಾಯನ ಅಟ್ಟಹಾಸ". ಚಾಲಕನ ಹೆಸರು, ಊರು ಎಲ್ಲ ಮೊದಲ ದಿನವೇ ಬರುತ್ತದೆ. ಐವತ್ತು ಲಕ್ಷದ ಕಾರು ಬಡಿದರೆ ಮಾತ್ರ ನಿಯಂತ್ರಣ ತಪ್ಪಿರುತ್ತದೆ. ಡೆಸ್ಕಿನಲ್ಲಿ ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ, ಕೈ ತಾನಾಗಿ ಹಾಗೆ ಬರೆಯುತ್ತದೆ. ಕಾರಿನವನಿಗೆ ಬೆಳಗಾಗುವುದರೊಳಗೆ ವಕೀಲರು ಸಿಕ್ಕಿರುತ್ತಾರೆ. ಟಿಪ್ಪರಿನವನಿಗೆ ಯಾರಿದ್ದಾರೆ? ಚಾಲಕನ ಹೊಣೆ ಬರೆಯಿರಿ ಎಂದು ಹೊರಟರೆ ಅದು ಸಂಬಳಕ್ಕೆ ದುಡಿಯುವ ಚಾಲಕನ ತಲೆಗೇ ಬರುತ್ತದೆ ಎಂಬ ಹೆದರಿಕೆ ನನಗಿದೆ. 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ಗುದ್ದಿ ಓಡಿದರೆ ಹತ್ತು ವರ್ಷ ಎಂಬ ಹೊಸ ಕಲಮನ್ನು ಸರ್ಕಾರ ತಡೆಹಿಡಿಯಬೇಕಾಯಿತು.

ಅಕ್ಕ: ನಿನ್ನ ಹೆದರಿಕೆ ಸರಿ. ಅದಕ್ಕೇ ಎಲ್ಲ ಚಾಲಕರಿಗೂ ಒಂದೇ ಸಾಲು ಬರಿ ಎನ್ನುವುದು. "ಕಾರು ಚಲಾಯಿಸುತ್ತಿದ್ದ ವ್ಯಕ್ತಿ ಪಾದಚಾರಿಗೆ ಗುದ್ದಿದ್ದಾರೆ." "ಟಿಪ್ಪರ್ ಚಲಾಯಿಸುತ್ತಿದ್ದ ವ್ಯಕ್ತಿ ಪಾದಚಾರಿಗೆ ಗುದ್ದಿದ್ದಾರೆ." ಯಮನೂ ಬೇಡ, ಜವರಾಯನೂ ಬೇಡ. ಹೆಸರು ಹಾಕುವುದಾದರೆ ಇಬ್ಬರದೂ ಹಾಕು, ಇಲ್ಲವೇ ಇಬ್ಬರದೂ ಬಿಡು. ಇಲ್ಲಿನ ಖಾಸಗಿ ಬಸ್ಸುಗಳ ಓಟ ನೋಡಿದ್ದೀಯಲ್ಲ, ಮಂಗಳೂರಿನಲ್ಲೂ ಅದೇ. ಹಿಂದಿನ ಬಸ್ಸು ಬರುವುದರೊಳಗೆ ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಳ್ಳಬೇಕು, ಕಲೆಕ್ಷನ್ ಆಗದಿದ್ದರೆ ಕೈಗೆ ಸಿಗುವುದು ಕಡಿಮೆ. ಅದನ್ನು ಬರೆ. ಆದರೆ ಟೈಮಿಂಗ್ ಗಲಾಟೆ ಬರೆದೆ ಎಂದು ಬಸ್ಸು ಗುದ್ದಿದ ಸಂಗತಿಯಿಂದ ಚಾಲಕನನ್ನು ತೆಗೆದು ಹಾಕಬೇಡ. ಎರಡೂ ಇರಲಿ.

ತಮ್ಮ: ರಸ್ತೆಯದ್ದೇ ತಪ್ಪಿರುವುದೂ ಉಂಟು. ಪಾಲಾರಿವಟ್ಟಂ ಮೆಟ್ರೋ ನಿಲ್ದಾಣದ ಹತ್ತಿರ 2019ರ ಡಿಸೆಂಬರಿನಲ್ಲಿ ಆದದ್ದು. ತಿಂಗಳುಗಟ್ಟಲೆ ಮುಚ್ಚದೆ ಬಿಟ್ಟ ಗುಂಡಿ, ಅದಕ್ಕೊಂದು ಬೋರ್ಡು. ಬೈಕಿನ ಹುಡುಗ ಅಲ್ಲಿ ಬಿದ್ದ, ಹಿಂದಿನ ಲಾರಿ ಮೇಲೆ ಹರಿಯಿತು.

ಅಕ್ಕ: ಹೈಕೋರ್ಟ್ ಆ ಹುಡುಗನ ತಂದೆತಾಯಿಯ ಕ್ಷಮೆ ಕೇಳಿತು. ಗುಂಡಿ ಬಿಟ್ಟವರಿಗೂ ಕೈ ಇದೆ, ಹೆಸರಿದೆ, ಇಲಾಖೆ ಇದೆ ಎಂದು ಅಂದು ಪತ್ರಿಕೆಗಳು ಬರೆದವು. ರಸ್ತೆ ಹಾಳಾಗಿತ್ತು ಎಂದು ಬಿಟ್ಟುಬಿಡಲಿಲ್ಲ. ಹೇಗೆ ಬರೆದರೆ ಓದುವವರು ಯಾರನ್ನು ದೂರುತ್ತಾರೆ ಎಂದು ಅಮೆರಿಕದಲ್ಲಿ 2019ರಲ್ಲಿ ಕೆಲವು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಒಂದೇ ಅಪಘಾತದ ವರದಿಯನ್ನು ಮೂರು ಬಗೆಯಲ್ಲಿ ಬರೆದು 999 ಜನರಿಗೆ ಓದಲು ಕೊಟ್ಟರು. ನಡೆಯುವವರ ಮೇಲೆ ಗಮನವಿಟ್ಟ ವರದಿ ಓದಿದವರು ನಡೆಯುವವರನ್ನು ಹೆಚ್ಚು ದೂರಿದರು. ಚಾಲಕನನ್ನು ಮುಂದಿಟ್ಟು ಬರೆದದ್ದನ್ನು ಓದಿದವರು ಅಷ್ಟು ದೂರಲಿಲ್ಲ. ಆ ರಸ್ತೆಯಲ್ಲಿ ಹಿಂದೆ ಆದ ಸಾವುಗಳನ್ನೂ ಸೇರಿಸಿ ಬರೆದದ್ದನ್ನು ಓದಿದವರು ರಸ್ತೆ ಸರಿಮಾಡಿ ಎಂದು ಹೆಚ್ಚಾಗಿ ಹೇಳಿದರು. ಘಟನೆ ಒಂದೇ, ಬದಲಾದದ್ದು ಬರವಣಿಗೆ ಮಾತ್ರ.

ತಮ್ಮ: ಓದುಗರ ಮನಸ್ಸಿನಲ್ಲಿ ಆಗುವುದು ಸರಿ. ನಿನ್ನ ಟ್ರಿಬ್ಯೂನಲ್‌ನಲ್ಲಿ ಅದರಿಂದ ಏನಾಗುತ್ತದೆ? ವರದಿ ಸಾಕ್ಷ್ಯವೇ ಅಲ್ಲ ಎಂದೆಯಲ್ಲ.

ಅಕ್ಕ: ಕೇಳು. ನಡೆದು ಹೋಗುತ್ತಿದ್ದ ಒಬ್ಬರು ಸತ್ತಿದ್ದಾರೆ. ಹೆಂಡತಿ ಕಟಕಟೆಯಲ್ಲಿ ನಿಂತಿದ್ದಾಳೆ. ವಿಮಾ ಕಂಪನಿಯ ವಕೀಲರು ಎದ್ದು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಗಂಡ ರಸ್ತೆಗೆ ದಿಢೀರನೆ ಅಡ್ಡ ಬಂದರು ಅಲ್ಲವೇ?" ಆಕೆ ಅಲ್ಲಿರಲಿಲ್ಲ. ಮನೆಯಲ್ಲಿ ರಾತ್ರಿ ಊಟಕ್ಕೆ ಕಾಯುತ್ತಿದ್ದಳು. ಏನು ಹೇಳಬೇಕು? ಆ "ದಿಢೀರ್" ಎಲ್ಲಿಂದ ಬಂತು ಎಂದು ಹುಡುಕಿದರೆ ಮೊದಲ ಹೇಳಿಕೆ ಚಾಲಕನದ್ದು ಅಥವಾ ಅವನ ಜೊತೆಗಿದ್ದವರದ್ದು. ಸತ್ತವರು ಹೇಳಿಕೆ ಕೊಡುವುದಿಲ್ಲವಲ್ಲ. ಅದು ಠಾಣೆಯಿಂದ ಪತ್ರಿಕೆಗೆ ಹೋಯಿತು, ಪತ್ರಿಕೆಯಿಂದ ಊರಿಗೆ ಹೋಯಿತು. ಸಾಕ್ಷಿಯಾಗಿ ಬರಬೇಕಾದ ಅಂಗಡಿಯವನೂ ಅದನ್ನೇ ಓದಿದ್ದಾನೆ. ವರ್ಷ ಕಳೆದ ಮೇಲೆ ಅವನು ಕಂಡದ್ದು ಯಾವುದು, ಓದಿದ್ದು ಯಾವುದು ಎಂದು ಅವನಿಗೇ ಬೇರ್ಪಡಿಸಲು ಬರುವುದಿಲ್ಲ. ಸತ್ತವರದ್ದೂ ನಿರ್ಲಕ್ಷ್ಯ ಇತ್ತು ಎಂದು ಟ್ರಿಬ್ಯೂನಲ್‌ಗೆ ಅನ್ನಿಸಿದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತ. ಆ ಮನೆಯಲ್ಲಿ ಮಗಳ ಕಾಲೇಜು ಫೀಸು ಹೋಗುವುದು ಆ ಕಡಿತದಲ್ಲಿ.

ತಮ್ಮ: ನಾವು ಕೊನೆಗೆ ಸೇರಿಸುವ ಸಾಲೂ ಉಂಟು. "ಸವಾರ ಹೆಲ್ಮೆಟ್ ಧರಿಸಿರಲಿಲ್ಲ." "ಬೈಕಿನಲ್ಲಿ ಮೂವರಿದ್ದರು."

ಅಕ್ಕ: ಮೂವರಿದ್ದರು ಎಂಬುದೊಂದರಿಂದಲೇ ಸತ್ತವರ ತಲೆಗೆ ಹೊಣೆ ಕಟ್ಟಬಾರದು, ಅದಕ್ಕೂ ಅಪಘಾತಕ್ಕೂ ಸಂಬಂಧ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಿಂದಿನಿಂದ ಬಂದು ಗುದ್ದಿದ ಕಾರಿಗೂ ಸವಾರನ ಹೆಲ್ಮೆಟಿಗೂ ಏನು ಸಂಬಂಧ? ಸತ್ತವರು ಏನು ಮಾಡಿರಲಿಲ್ಲ ಎಂದು ಅಷ್ಟು ಮುತುವರ್ಜಿಯಿಂದ ವಿಚಾರಿಸುವ ವರದಿಗಾರ, ಬದುಕಿರುವವನು ಏನು ಮಾಡುತ್ತಿದ್ದ ಎಂದು ಕೇಳದೆ ಬರುವುದು ನನಗೆ ಸಹಿಸಲಾಗದ್ದು. ಕೋಪ ಬರುತ್ತದೆ.

ತಮ್ಮ: ಕೇಳುತ್ತೇನೆ ಎಂದೇ ಇಟ್ಟುಕೊ. ಮೊದಲ ರಾತ್ರಿ ಸಿಗುವುದಿಲ್ಲ. ಮರುದಿನ ಇನ್ನೊಂದು ಅಪಘಾತ ಬಂದಿರುತ್ತದೆ.

ಅಕ್ಕ: ಮೊದಲ ರಾತ್ರಿ ಬೇಡ. 2022ರಿಂದ ನಿಯಮ ಬದಲಾಗಿದೆ. ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ ಟ್ರಿಬ್ಯೂನಲ್‌ಗೆ ಕೊಡಬೇಕು. ಮಧ್ಯಂತರ ವರದಿ 50 ದಿನದೊಳಗೆ. ಪೂರ್ತಿ ವರದಿ 90 ದಿನದೊಳಗೆ. ಚಾಲಕ ಯಾರು, ಪರವಾನಗಿ ಇತ್ತೇ, ವಿಮೆ ಇತ್ತೇ, ಸ್ಥಳದ ನಕ್ಷೆ, ಎಲ್ಲ ಅದರಲ್ಲಿ ಬರಬೇಕು. ಒಂದು ಡೈರಿಯಲ್ಲಿ ತಾರೀಕು ಬರೆದಿಟ್ಟುಕೊಂಡರೆ ಸಾಕು. ತೊಂಬತ್ತನೇ ದಿನ ಠಾಣೆಗೆ ಒಂದು ಫೋನ್. "ಆ ಪ್ರಕರಣದಲ್ಲಿ ಏನು ಗೊತ್ತಾಯಿತು?" ನಾಲ್ಕು ಸಾಲು ಹಾಕು. ಬಷೀರರ ಪ್ರಕರಣದಲ್ಲಿ ವರ್ಷಗಟ್ಟಲೆ ಮಾಡಿದ್ದನ್ನು ಇಲ್ಲಿ ಒಮ್ಮೆ ಮಾಡು ಎಂದು ಕೇಳುತ್ತಿದ್ದೇನೆ.

ತಮ್ಮ: ಸಂಪಾದಕರು ಹಳೆಯ ಸುದ್ದಿ ಎನ್ನುತ್ತಾರೆ.

ಅಕ್ಕ: ಚಾಲಕನ ತಪ್ಪಿರಲಿಲ್ಲ ಎಂದು ಗೊತ್ತಾದರೂ ಅದು ಸುದ್ದಿಯೇ. ಅವನ ಮನೆಯವರೂ ಊರಿನಲ್ಲಿ ತಲೆಯೆತ್ತಿ ನಡೆಯಬೇಕಲ್ಲ. ಹಾಗೆಂದು ಅವರಿಗೆ ಹೇಳು.

ತಮ್ಮ: ಕಾಸರಗೋಡಿನಲ್ಲಿ ಹೆದ್ದಾರಿ 66ರ ಕೆಲಸ ನಡೆದ ಕಡೆಗಳಲ್ಲಿ ಸರ್ವಿಸ್ ರಸ್ತೆ ದಾಟುವಾಗ ಸತ್ತವರ ಸುದ್ದಿ ನಾನೇ ಎಷ್ಟೋ ಹಾಕಿದ್ದೇನೆ. ಅವುಗಳಿಂದ ಶುರು ಮಾಡಬಹುದು. ಹಳೆಯ ಪುಟಗಳನ್ನು ತೆಗೆದು ಠಾಣೆವಾರು ಪಟ್ಟಿ ಮಾಡುತ್ತೇನೆ. ಠಾಣೆಯವರು ಕೊಡಲಿಲ್ಲವಾದರೆ?

ಅಕ್ಕ: ಸತ್ತವರ ಮನೆಯವರಿಗೆ ಆ ವರದಿಯ ಪ್ರತಿ ಕೇಳುವ ಹಕ್ಕಿದೆ. ಅವರನ್ನು ಕೇಳು. ಹೆಚ್ಚಿನವರಿಗೆ ಅಂಥ ಹಕ್ಕಿದೆ ಎಂದೇ ಗೊತ್ತಿರುವುದಿಲ್ಲ, ಅದನ್ನೂ ಹೇಳಿ ಬಾ. ಗುದ್ದಿದವರು ಯಾರೆಂದು ಸಿಗದೇ ಹೋದ ಪ್ರಕರಣವಾದರೆ ಸರ್ಕಾರದ ನಿಧಿಯಿಂದ ಎರಡು ಲಕ್ಷ ಬರುತ್ತದೆ, ಅರ್ಜಿ ಹಾಕಿದ್ದಾರೆಯೇ ಎಂದು ವಿಚಾರಿಸು. ಪಟ್ಟಿ ಆದ ಮೇಲೆ ನನಗೊಂದು ಪ್ರತಿ ಕಳಿಸು, ಕಾಸರಗೋಡಿನ ಟ್ರಿಬ್ಯೂನಲ್‌ನಲ್ಲಿ ಯಾವುದು ಬಾಕಿ ಇದೆ ಎಂದು ನಾನು ನೋಡಿ ಹೇಳುತ್ತೇನೆ.

ತಮ್ಮ: ಸೋಮವಾರ ಡ್ಯೂಟಿಗೆ ಹೋದ ಕೂಡಲೇ ಕಳಿಸುತ್ತೇನೆ. ಕನ್ನಡದಲ್ಲೇ ಇರುತ್ತದೆ, ನಡೆಯುತ್ತದಾ?

ಅಕ್ಕ: ನಡೆಯುತ್ತದೆ. ಎಫ್‌ಐಆರ್ ಸಂಖ್ಯೆ ಮಾತ್ರ ತಪ್ಪದೆ ಹಾಕು, ಅದಿಲ್ಲದಿದ್ದರೆ ಏನೂ ಹುಡುಕಲಾಗುವುದಿಲ್ಲ.